ಮೇಷ್ಟ್ರ ಕಿಂಡಿ

ಒಡೆದ ಗಾಜನ್ನು ನೋಡಿಯೂ ನೋಡದವಳ ಹಾಗೆ ಹೋಗುವುದು ನನ್ನಿಂದಾಗದ ಕೆಲಸ. ಗೋಡೆಯ ಮೇಲಿನ ಪಟ ಸೊಟ್ಟಗಿದ್ದರೆ ಕೆಲವರಿಗೆ ಕೈ ತುರಿಸುತ್ತದಲ್ಲ, ಅದೇ ಜಾತಿಯ ಕಾಯಿಲೆ. ಯಾರದೋ ಮದುವೆಗೆ ಹೋದರೂ ನನ್ನ ಕಣ್ಣು ಮೊದಲು ಕಿಟಕಿಗಳನ್ನು ನೋಡಿ ಆಮೇಲೆ ಮದುಮಕ್ಕಳ ಕಡೆ ತಿರುಗುತ್ತದೆ. ಗಂಡ ತೀರಿಕೊಂಡ ಮೇಲೆ ಗಾಜಿನ ಅಂಗಡಿ ನನ್ನ ಪಾಲಿಗೆ ಬಂತು, ಅಂಗಡಿಯ ಜೊತೆಗೆ ಅತ್ತೆಯೂ ಬಂದರು. ಅಂಗಡಿಯನ್ನು ಹೇಗೋ ನಿಭಾಯಿಸಿಕೊಂಡು ಹೋಗುತ್ತಿದ್ದೇನೆ.

ನನಗಿರುವ ಇನ್ನೊಂದು ಕಾಯಿಲೆ ಪ್ರಶ್ನೆ ಕೇಳುವುದು. ಗಿರಾಕಿ ಬಂದು ಗಾಜು ಒಡೆದಿದೆ ಅಂದರೆ ಅಳತೆ ಕೇಳುವ ಮೊದಲೇ ಹೇಗೆ ಒಡೆಯಿತು ಎಂದು ಕೇಳುತ್ತೇನೆ. ಗಂಡ ಹೆಂಡಿರ ಜಗಳವೋ, ಮಕ್ಕಳ ಚೆಂಡೋ, ಬರೀ ಗಾಳಿಯೋ, ತಿಳಿಯದೆ ನನ್ನ ಕೈ ಓಡುವುದಿಲ್ಲ. "ಯಾಕೆ ಅನ್ನೋ ಮಾತಿಗೆ ಸರ್ಕಾರ ತೆರಿಗೆ ಹಾಕಿದ್ರೆ ನಾವು ಯಾವತ್ತೋ ಬೀದಿಗೆ ಬಂದಿರ್ತಿದ್ವಿ" ಎನ್ನುವುದು ಅತ್ತೆಯ ದೂರು.

ನನಗೆ ಒಬ್ಬನೇ ತಮ್ಮ. ಅಂಗಡಿಗಳ ಗಾಜಿನ ಮೇಲೆ ಹೆಸರು ಬರೆಯುವುದು ಅವನ ಕಸುಬು. ಒಳಗಡೆ ಕೂತು ಅಕ್ಷರಗಳನ್ನು ಉಲ್ಟಾ ಬರೆಯುತ್ತಾನೆ, ಹೊರಗಿನಿಂದ ನೋಡಿದರೆ ಎಲ್ಲವೂ ನೇರವಾಗಿ, ಅಂದವಾಗಿ ಕಾಣುತ್ತದೆ. ಒಮ್ಮೆ ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ಡಾಕ್ಟರು ನೋವಿಗೆ ಮಾತ್ರೆ ಬರೆದುಕೊಟ್ಟರು. ನೋವು ನಿಲ್ಲುವ ಮೊದಲೇ ಬರೆದುಕೊಡುವುದನ್ನು ನಿಲ್ಲಿಸಿದರು. ಆಮೇಲೆ ಅವನು ಬೀದಿಯಲ್ಲಿ ಕದ್ದು ಮಾರುವ ಪುಡಿಗೆ ಬಿದ್ದ. ಆ ಪುಡಿ ಮಾರಿದರೂ ಜೈಲು, ಇಟ್ಟುಕೊಂಡರೂ ಜೈಲು. ಆದರೂ ನಮ್ಮ ಬಡಾವಣೆಯಲ್ಲಿ ಅದು ಎಲ್ಲಿ ಸಿಗುತ್ತದೆಂದು ತಿಳಿಯದಿದ್ದವಳು ಬಹುಶಃ ನಾನೊಬ್ಬಳೇ.

ಬೈದೆ, ಕಾಲು ಹಿಡಿದೆ, ಕೋಣೆಯಲ್ಲಿ ಕೂಡಿಹಾಕಿದೆ. ಬಿಟ್ಟ, ಮತ್ತೆ ಹಿಡಿದ. ಕೊನೆಗೆ ನಾವಿಬ್ಬರೂ ಒಂದು ಮಾತಿಗೆ ಬಂದೆವು. ಅವನು ಏನೇ ಮಾಡಿಕೊಳ್ಳಲಿ, ಮಧ್ಯಾಹ್ನದ ಊಟಕ್ಕೆ ನನ್ನ ಅಂಗಡಿಗೆ ಬರಬೇಕು. ಬಂದು ಗಾಜಿನ ಹಾಳೆಗಳ ನಡುವೆ ಸ್ಟೂಲು ಎಳೆದುಕೊಂಡು ಕೂತ ಅಂದರೆ ಆವತ್ತಿನ ಮಟ್ಟಿಗೆ ನನ್ನ ತಮ್ಮ ಬದುಕಿದ್ದಾನೆ. ಅವನು ಒಳ್ಳೆಯವನಾಗಲಿ, ಹೆಸರು ತರಲಿ ಎಂಬ ಆಸೆಗಳೆಲ್ಲ ಯಾವಾಗಲೋ ಉದುರಿಹೋಗಿದ್ದವು. ಬದುಕಿರಲಿ ಅನ್ನುವುದೊಂದು ಮಾತ್ರ ಉಳಿದಿತ್ತು.

ಅವನ ಬಾಡಿಗೆ ಕೋಣೆ ಇರುವುದು ನಮ್ಮ ಅಂಗಡಿಯ ಹಿಂದಿನ ಗಲ್ಲಿಯ ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ. ಅವನ ಬಟ್ಟೆ ಒಗೆದು ಕೊಡಲು ಹೋದಾಗಲೆಲ್ಲ ಕೆಳಗಿನ ಮೆಟ್ಟಿಲ ಹತ್ತಿರ, ಕರೆಂಟ್ ಮೀಟರುಗಳ ಪಕ್ಕದಲ್ಲಿ, ಸಂದಿಯ ಕಡೆಗಿದ್ದ ಒಂದು ಕಿಟಕಿ ನನ್ನ ಕಣ್ಣು ಚುಚ್ಚುತ್ತಿತ್ತು. ಅದರ ಗಾಜಿನ ಒಂದು ಮೂಲೆ ಅಂಗೈಯಗಲ ಒಡೆದುಹೋಗಿತ್ತು. ಯಾರೋ ಅದಕ್ಕೆ ರಟ್ಟು ಮುಚ್ಚಿದ್ದರು, ಅದೂ ಮೇಲ್ಗಡೆ ಮಾತ್ರ ಅಂಟಿಸಿ. ರಟ್ಟು ಬೆಕ್ಕಿನ ಬಾಲದಂತೆ ಆಡುತ್ತಿತ್ತು. ಮನೆ ಮಾಲೀಕನಿಗೆ ಹೇಳಿದೆ. "ಆಗಲಿ ನೋಡೋಣ" ಅಂದ. ಇನ್ನೊಮ್ಮೆ ಹೇಳಿದೆ. ಅವನಿಗೆ ತಟ್ಟನೆ ಕೆಮ್ಮು ಬಂತು.

ಅಷ್ಟರಲ್ಲಿ ಒಂದು ಬ್ಯಾಂಕಿನ ಕೆಲಸ ಮುಗಿಸಿದ್ದೆ. ಬ್ಯಾಂಕಿಗೆ ಹಾಕುವ ಗಾಜು ಎಂದರೆ ಎರಡು ಹಾಳೆಗಳ ನಡುವೆ ಒಂದು ಪದರ ಅಂಟಿಸಿದ್ದು. ಸುತ್ತಿಗೆಯಲ್ಲಿ ಬಡಿದರೆ ಬಿರುಕು ಬಿಡುತ್ತದೆ, ಉದುರುವುದಿಲ್ಲ. ಅದರದ್ದೊಂದು ತುಂಡು ಮಿಕ್ಕಿತ್ತು, ಅಳತೆ ಹೆಚ್ಚುಕಡಿಮೆ ಆ ಕಿಟಕಿಯದ್ದೇ. ಒಂದು ಬೆಳಗ್ಗೆ ಹೋಗಿ ಹಳೆಯ ಗಾಜನ್ನು ಕಿತ್ತು, ಚೌಕಟ್ಟು ಉಜ್ಜಿ, ಹೊಸದನ್ನು ಕೂರಿಸಿ, ಸುತ್ತಲೂ ಪಟ್ಟಿ ಹೊಡೆದು, ಅಂಚಿಗೆ ಪುಟ್ಟಿ ತುಂಬಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೆಟ್ಟಿಲಿಗೆ ಬೆಳಕು ಬಂತು. ನನಗೆ ಸೊಗಸೆನಿಸಿತು. ಧರ್ಮಕ್ಕೆ ಮಾಡಿದ ಕೆಲಸವಲ್ಲವೆ, ಸ್ವಲ್ಪ ಹೆಚ್ಚೇ ಸೊಗಸೆನಿಸಿತು.

ಕೆಳಮನೆಯಲ್ಲಿ ಒಬ್ಬರು ನಿವೃತ್ತ ನರ್ಸಮ್ಮ ಇದ್ದಾರೆ. ಬಾಗಿಲು ತೆಗೆದು ಕಿಟಕಿ ನೋಡಿದರು, ನನ್ನನ್ನು ನೋಡಿದರು. "ಇದೆಲ್ಲ ನಿಂಗ್ಯಾಕಮ್ಮ ಬೇಕಿತ್ತು?" ಎಂದು ಬಾಗಿಲು ಹಾಕಿಕೊಂಡರು. ಮೆಟ್ಟಿಲಿಳಿದು ಬಂದವರೂ ನನ್ನ ಮುಖ ನೋಡದೆ ಗೋಡೆಗೆ ಅಂಟಿಕೊಂಡು ಹೋದರು. ಉಪಕಾರ ಮಾಡಿದರೂ ಒಂದು ಒಳ್ಳೆ ಮಾತಿಲ್ಲದ ಜನ ಎಂದು ಬೈದುಕೊಳ್ಳುತ್ತ ಅಂಗಡಿಗೆ ಬಂದೆ. ಮಧ್ಯಾಹ್ನ ಊಟ ಮಾಡುವಾಗ ತಮ್ಮನಿಗೆ ಹೇಳಿದೆ. ಅವನು ತಲೆಯೆತ್ತದೆ, "ಚೆನ್ನಾಗಿದೆ ಅಕ್ಕ, ನೋಡಿದೆ" ಅಂದ.

ಸ್ವಲ್ಪ ದಿನವಾದ ಮೇಲೆ ಅಂಗಡಿಗೆ ಒಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಕನ್ನಡಕ. ಎಲ್ಲೋ ನೋಡಿದ ಮುಖ. ಅತ್ತೆಗೆ ಕೈಮುಗಿದರು. ಅತ್ತೆ ಗಾಜಿನ ಅಂಚಿಗೆ ಹೊಡೆಯುವ ಬೀಡಿಂಗ್ ಪಟ್ಟಿಗಳನ್ನು ಕಟ್ಟುತ್ತ ಕೂತಿದ್ದರು, ಅವರೂ ಮುಗಿದರು.

"ಅಕ್ಕಾ, ಒಂದು ಗಾಜಿನ ವಿಷಯ ಮಾತಾಡ್ಬೇಕಿತ್ತು."

"ಹೇಳಿ. ಅಳತೆ ತಂದಿದ್ದೀರಾ?"

"ಅಳತೆ ನಿಮಗೇ ಗೊತ್ತು. ಹಾಕೋದಲ್ಲ, ತೆಗೆಯೋದು."

ನನಗೆ ಅರ್ಥವಾಗಲಿಲ್ಲ. ಅವರು ಮೃದುವಾಗಿ, ದಡ್ಡ ಮಗುವಿಗೆ ಪಾಠ ಹೇಳುವವರಂತೆ, ಬಿಡಿಸಿ ಹೇಳಿದರು. ಮೆಟ್ಟಿಲ ಹತ್ತಿರದ ಆ ಒಡೆದ ಮೂಲೆ ಅವರ ಕೌಂಟರು. ರಟ್ಟು ಅದರ ಬಾಗಿಲು. ಸಂದಿಯಲ್ಲಿ ನಿಂತವನು ರಟ್ಟು ತಟ್ಟುತ್ತಾನೆ, ಒಳಗಿನಿಂದ ಒಂದು ಕೈ ಬರುತ್ತದೆ, ಪೊಟ್ಟಣ ಕೊಟ್ಟು ಒಳಗೆ ಹೋಗುತ್ತದೆ. ಆಗ ತಿಳಿಯಿತು. ಬಡಾವಣೆಯೆಲ್ಲ ಮೇಷ್ಟ್ರು ಮೇಷ್ಟ್ರು ಎಂದು ದನಿ ತಗ್ಗಿಸಿ ಹೇಳುತ್ತಿದ್ದದ್ದು ಈ ಮನುಷ್ಯನನ್ನೇ, ಇವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ.

ಮೈಯೆಲ್ಲ ಉರಿಯಿತು. ಉಗಿಯಬೇಕೆಂದೇ ಬಾಯಿ ತೆರೆದೆ. ಬಾಯಿಂದ ಬಂದದ್ದು ಪ್ರಶ್ನೆ.

"ಕಿಂಡಿಯಿಂದ ಯಾಕೆ ಕೊಡ್ಬೇಕು?"

"ಮುಖ ಕಾಣಲ್ವಲ್ಲ. ನಾಳೆ ಪೊಲೀಸ್ನೋರು ಹಿಡ್ಕೊಂಡು ಯಾರು ಕೊಟ್ಟಿದ್ದು ಅಂದ್ರೆ, ಕೈ ಕೊಡ್ತು ಸಾರ್ ಅಂತಾನೆ. ಅವನು ಸುಳ್ಳು ಹೇಳೋದೇ ಬೇಡ."

"ನನ್ನ ಗಾಜು ಒಡೆದುಹಾಕ್ಬಹುದಿತ್ತು."

"ಹೊಡೆದು ನೋಡಿದ್ವಿ. ಬಿರುಕು ಬಿಟ್ಟು ಹಾಗೇ ನಿಂತಿದೆ, ಹಲ್ಲು ಕಿರಿದುಕೊಂಡು. ಯಾವ ಗಾಜು ಅಕ್ಕಾ ಅದು?"

"ಬ್ಯಾಂಕಿಗೆ ಹಾಕೋದು," ಅಂದೆ. ಆ ಸಿಟ್ಟಿನಲ್ಲೂ ಸ್ವಲ್ಪ ಹೆಮ್ಮೆಯಿಂದಲೇ ಅಂದೆ.

"ಹಾಗೇ ಅಂದ್ಕೊಂಡೆ. ಕಿತ್ತು ತೆಗೆಯೋಣ ಅಂದ್ರೆ ಸದ್ದು. ಸದ್ದಾದ್ರೆ ಜನ. ನೀವು ತೆಗೆದ್ರೆ ಯಾರೂ ಕೇಳಲ್ಲ, ನಿಮ್ಮ ಕಸುಬು."

"ಊರಲ್ಲಿ ಬೇರೆ ಕಿಟಕಿ ಇಲ್ವಾ?"

"ಕಿಟಕಿ ಇದೆ, ಜಾಗ ಇಲ್ಲ. ಗಲ್ಲಿ ಕೊನೇಲಿರೋ ಆ ಕಮಾನು ದಾಟಿದ್ರೆ ಅವಳಿಗಳದ್ದು." ಅವಳಿಗಳೆಂದರೆ ಪಕ್ಕದ ಬೀದಿಯಲ್ಲಿ ಇದೇ ವ್ಯಾಪಾರ ಮಾಡುವ ಅವಳಿ ಅಣ್ಣ ತಮ್ಮ. "ನಾನು ಆ ಕಡೆ ಕಾಲಿಟ್ಟಿಲ್ಲ, ಅವರು ಈ ಕಡೆ ಇಟ್ಟಿಲ್ಲ. ಹಾಗಾಗಿ ಇಷ್ಟು ದಿನ ನಿಮ್ಮ ನಿದ್ದೆ ಕೆಟ್ಟಿಲ್ಲ."

"ಕಾಲಿಟ್ರೆ ಏನಾಗುತ್ತೆ?"

ಮೇಷ್ಟ್ರು ನಮ್ಮ ಅಂಗಡಿಯನ್ನು ಒಮ್ಮೆ ಸುತ್ತ ನೋಡಿದರು. "ಎದುರಿಗೆ ಇನ್ನೊಬ್ಬ ಗಾಜಿನಂಗಡಿ ತೆಗೆದ ಅಂತಿಟ್ಕೊಳ್ಳಿ. ಏನ್ಮಾಡ್ತೀರಿ?"

"ರೇಟು ಇಳಿಸ್ತೀನಿ. ಮನಸ್ಸಲ್ಲೇ ಬೈಕೊಳ್ತೀನಿ."

"ಮನಸ್ಸಲ್ಲೇ ಎಲ್ಲಿ ಬಂತು," ಎಂದು ಅತ್ತೆ ನಡುವೆ ಬಾಯಿ ಹಾಕಿದರು.

"ಯಾರಾದ್ರೂ ನಿಮ್ಮ ಮಾಲು ಕದ್ದುಕೊಂಡ್ಹೋದ್ರೆ?"

"ಸ್ಟೇಷನ್ನಿಗೆ ಹೋಗ್ತೀನಿ."

"ಗಿರಾಕಿ ದುಡ್ಡು ಕೊಡದೆ ಓಡಿಹೋದ್ರೆ?"

"ಕೋರ್ಟಿಗೆ ಹಾಕ್ತೀನಿ ಅಂತ ಹೆದರಿಸ್ತೀನಿ."

"ನಾನೆಲ್ಲಿಗೆ ಹೋಗ್ಲಿ ಅಕ್ಕಾ?" ಅಂದರು ಮೇಷ್ಟ್ರು. ದನಿ ಏರಲಿಲ್ಲ. "ನಮ್ಮಲ್ಲಿ ಜಾಗ ಉಳಿಸ್ಕೊಳ್ಳೋಕೆ ಇರೋದು ಒಂದೇ, ಚಾಕು. ನನಗೆ ಅದು ಇಷ್ಟ ಇಲ್ಲ. ಅದಕ್ಕೇ ಕೇಳ್ತಿದ್ದೀನಿ, ಆ ಗಾಜು ತೆಗೆದುಬಿಡಿ."

ಆಗ ಮಾತ್ರ ನನಗೆ ತಮ್ಮ ನೆನಪಾದ. ಇಷ್ಟು ಹೊತ್ತು ವ್ಯಾಪಾರಸ್ಥರಿಬ್ಬರು ಹರಟೆ ಹೊಡೆದಂತೆ ಮಾತಾಡಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. "ನನ್ನ ತಮ್ಮನ್ನ ಹಾಳು ಮಾಡಿದ ಕೈ ಅದು. ಆ ಕಿಂಡಿ ನಾನು ಮುಚ್ಚಿದ್ದು ಗೊತ್ತಿಲ್ದೆ. ಈಗ ಗೊತ್ತಾಯ್ತು. ಗಾಜು ಅಲ್ಲೇ ಇರುತ್ತೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ತಮ್ಮನಿಗೆ ಬೆರಕೆ ಮಾಲು ಕೊಟ್ಟಿಲ್ಲ. ಎಷ್ಟು ತಡಿತಾನೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಹೆಚ್ಚಿಗೆ ಕೇಳಿದ ದಿನ ಇಲ್ಲ ಅಂದಿದ್ದೀನಿ. ಪುಣ್ಯಕ್ಕೆ ಮಾಡಿದ್ದಲ್ಲ, ಗಿರಾಕಿ ಸತ್ರೆ ನನಗೇ ನಷ್ಟ. ಆದ್ರೆ ಕಿಂಡಿ ಮುಚ್ಚಿದ್ರೆ ಅವನು ಬಿಡ್ತಾನೆ ಅಂದ್ಕೋಬೇಡಿ. ಬೇರೆ ಕಡೆ ಹೋಗ್ತಾನೆ, ಅಷ್ಟೇ." ಅತ್ತೆಗೆ ಮತ್ತೆ ಕೈಮುಗಿದು ಹೊರಟುಹೋದರು.

"ಎಷ್ಟು ಮರ್ಯಾದಸ್ಥ ಕಳ್ಳ," ಅಂದರು ಅತ್ತೆ.

ಸುದ್ದಿಗೆ ಕಾಲಿರುತ್ತದಲ್ಲ, ಮಾರನೆಯ ದಿನವೇ ನಮ್ಮ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಬಂದರು. ರಸ್ತೆಯ ನಡುವೆ ನಿಂತು, ಎರಡೂ ಕಡೆಯ ಅಂಗಡಿಗಳಿಗೆ ಕೇಳುವ ಹಾಗೆ, "ಏನಮ್ಮಾ, ನಾವು ಇಷ್ಟು ವರ್ಷದಿಂದ ಮಾಡೋಕಾಗದೆ ಇರೋದನ್ನ ನೀನು ಒಂದು ಗಾಜಲ್ಲಿ ಮಾಡಿಬಿಟ್ಟೆ! ನಿನ್ನಂಥೋರು ಬೀದಿಗೊಬ್ರು ಇರ್ಬೇಕು" ಎಂದು ಹೊಗಳಿದರು. ನಾನು ಉಬ್ಬಿಹೋದೆ. ಸುಳ್ಳು ಯಾಕೆ ಹೇಳಲಿ, ಆವತ್ತು ಅವರಿಗೆ ಚಹಾ ತರಿಸಿಕೊಟ್ಟು, ಆ ಗಾಜಿನ ಗುಣಗಾನ ಮಾಡಿ ಕಳಿಸಿದೆ.

ಮುಂದೆ ಆದದ್ದು ನನ್ನ ತಲೆಗೆ ಹತ್ತದ ಲೆಕ್ಕ. ಕಿಂಡಿ ಹೋದ ಮೇಲೆ ಮೇಷ್ಟ್ರು ಕಮಾನಿನ ಪಕ್ಕದ ಗೋದಾಮಿನ ಹಿಂದೆ ನಿಂತು ಮಾರತೊಡಗಿದರಂತೆ. ಗೋದಾಮು ತಮ್ಮದೆಂದು ಅವಳಿಗಳು ಬಂದರಂತೆ. ಮೊದಲು ಬಾಯಿಮಾತು, ಆಮೇಲೆ ಕೈ, ಆಮೇಲೆ ಚಾಕು. ಗಲಾಟೆ ಕೇಳಿ ಪೊಲೀಸರು ಬಂದು ಮೇಷ್ಟ್ರನ್ನು ಹಿಡಿದುಕೊಂಡು ಹೋದರು. ಬಡಾವಣೆಯೇ ನಿಟ್ಟುಸಿರು ಬಿಟ್ಟಿತು. ಒಂದು ಅಂಗಡಿ ಮುಚ್ಚಿದರೆ ಅಂಗಡಿಗಳ ಲೆಕ್ಕದಲ್ಲಿ ಒಂದು ಕಡಿಮೆಯಾಗಬೇಕಲ್ಲವೆ? ಆಗಲಿಲ್ಲ. ಮೇಷ್ಟ್ರ ಕೈಕೆಳಗಿದ್ದವರು ಗದ್ದುಗೆ ತನಗೆ ತನಗೆ ಎಂದು ಒಡೆದು ಎರಡಾದರು. ಖಾಲಿ ಬಿದ್ದ ಗಲ್ಲಿಗೆ ಅವಳಿಗಳೂ ಕಣ್ಣು ಹಾಕಿದರು. ಪುಡಿ ತೆಗೆದುಕೊಳ್ಳುವವರು ಮೊದಲೆಷ್ಟಿದ್ದರೋ ಅಷ್ಟೇ, ಕಾದಾಡುವವರು ಮಾತ್ರ ಹೆಚ್ಚಾದರು.

ನನಗೆ ಕೈತುಂಬ ಕೆಲಸ. ಹಲ್ಲಿನ ಡಾಕ್ಟರ ಕಿಟಕಿ, ಟೈಲರ ಷೋಕೇಸು, ಬೇಕರಿಯ ಬಾಗಿಲು. ಕಲ್ಲು ಬಿದ್ದ ಗಾಜು ಮೊದಲೇ ಗೊತ್ತಿತ್ತು. ಪಿಸ್ತೂಲಿನ ಗುಂಡು ತೂರಿದ ಗಾಜನ್ನು ಆಗ ಮೊದಲ ಸಲ ಕೈಯಲ್ಲಿ ಹಿಡಿದೆ. ತೂತು ಒಂದು ಕಡೆ ಸಣ್ಣದು, ಇನ್ನೊಂದು ಕಡೆ ಅಗಲ. ಅಗಲವಿದ್ದ ಕಡೆಗೆ ಗುಂಡು ಹೋಗಿದೆ ಎಂದು ಅರ್ಥ. ಲಾಂಡ್ರಿಯವನ ಅಂಗಡಿಯಲ್ಲಿ ಅಗಲವಿದ್ದದ್ದು ಒಳಗಡೆ, ಅವನ ಹೆಂಡತಿ ಬಟ್ಟೆ ಮಡಿಸುತ್ತ ಕೂರುವ ಕಡೆ. ಗುಂಡು ಅವಳ ಭುಜಕ್ಕೆ ತಾಗಿತ್ತು. ಅವಳು ಜೀವಮಾನದಲ್ಲಿ ತಲೆನೋವಿಗೂ ಮಾತ್ರೆ ನುಂಗಿದವಳಲ್ಲ. ಆ ಗಾಜು ಹಾಕಿಕೊಟ್ಟು ಬಂದ ದಿನ ನನಗೆ ಊಟ ಸೇರಲಿಲ್ಲ.

"ಅತ್ತೆ, ಕೆಟ್ಟ ಕೆಲಸ ನಿಲ್ಲಿಸಿದ್ರೆ ಕೆಟ್ಟದ್ದು ಕಮ್ಮಿ ಆಗ್ಬೇಕಲ್ವಾ? ಯಾಕೆ ಹೆಚ್ಚಾಯ್ತು?" ಎಂದು ಕೇಳಿದೆ.

ಅತ್ತೆ ಪುಟ್ಟಿ ನಾದುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ನೀನು ಹುಟ್ಟೋ ಮುಂಚೆ ಸಾರಾಯಿಗೂ ಹೀಗೇ ಬಂದ್ ಮಾಡಿದ್ರು, ಗೊತ್ತಾ? ನಮ್ಮಣ್ಣ ಹಾಲಿನ ಕ್ಯಾನಲ್ಲಿ ಸಾರಾಯಿ ಸಾಗಿಸ್ತಿದ್ದ. ನಾನು ಮೇಲೆ ಹಾಲು ಹೊಯ್ದು ಕೊಡ್ತಿದ್ದೆ."

"ನೀವಾ?"

"ಮತ್ತೆ? ಬಾಯಿ ಮುಚ್ಚು, ನೊಣ ಹೋದೀತು. ನಮ್ಮ ಓಣಿ ಒಬ್ಬಂದು, ಪಕ್ಕದ ಓಣಿ ಇನ್ನೊಬ್ಬಂದು. ಒಂದಿನ ನಮ್ಮಣ್ಣ ದಾರಿ ತಪ್ಪಿ ಆ ಓಣೀಲಿ ಕ್ಯಾನ್ ಇಳಿಸಿದ. ಆ ಓಣಿಯೋನು ಹಿಮ್ಮಡಿ ನರ ಕಡಿದುಬಿಟ್ಟ. ಸಾಯೋವರೆಗೂ ಕುಂಟ್ತಾನೇ ಇದ್ದ." ಅವರು ಪುಟ್ಟಿಯ ಉಂಡೆಯನ್ನು ಹಲಗೆಗೆ ಬಡಿದರು. "ಆಮೇಲೆ ಬಂದ್ ತೆಗೆದ್ರು. ಕಡಿದನಲ್ಲ, ಅವನೇ ಲೈಸೆನ್ಸ್ ತಗೊಂಡು ಅಂಗಡಿ ಹಾಕ್ದ. ಬೋರ್ಡು, ಬಿಲ್ಲು, ಗಲ್ಲಾ ಪೆಟ್ಟಿಗೆ. ಪಕ್ಕದಂಗಡಿಯೋನು ಗಿರಾಕಿ ಎಳ್ಕೊಂಡ್ರೆ ಇವನು ಇನ್ನೊಂದು ದೊಡ್ಡ ಬಲ್ಬ್ ಹಾಕಿಸ್ತಿದ್ದ, ಅಷ್ಟೇ. ಮಚ್ಚು ಎಲ್ಲಿಟ್ಟನೋ ಅವನಿಗೇ ಮರೆತುಹೋಗಿರ್ಬೇಕು."

"ಹಾಗಾದ್ರೆ ಕುಡಿಯೋದು ಒಳ್ಳೇದು ಅಂತೀರಾ?"

"ಹಾಗಂದ್ನಾ ನಾನು? ಕುಡಿದು ಸಾಯೋರು ಆಗ್ಲೂ ಸತ್ರು, ಈಗ್ಲೂ ಸಾಯ್ತಾರೆ. ನಿನ್ನ ಮಾವನೂ ಹಾಗೇ ಹೋದ್ರು. ಆದ್ರೆ ಕುಡಿಯದೋರು ಸಾಯೋದು ನಿಂತೋಯ್ತು. ಅಷ್ಟು ನಾನು ಕಣ್ಣಾರೆ ನೋಡಿದ್ದು. ಯಾಕೆ ಅಂತ ನನ್ನ ಕೇಳ್ಬೇಡ."

ಕೇಳುವ ಅಗತ್ಯವಿರಲಿಲ್ಲ. ಮೇಷ್ಟ್ರು "ನಾನೆಲ್ಲಿಗೆ ಹೋಗ್ಲಿ" ಎಂದದ್ದು ಆವತ್ತೆಲ್ಲ ಕಿವಿಯಲ್ಲೇ ಕೂತಿತ್ತು.

ಒಂದು ಮಧ್ಯಾಹ್ನ ತಮ್ಮ ಊಟಕ್ಕೆ ಬರಲಿಲ್ಲ.

ಕಾದೆ. ಡಬ್ಬಿಯ ಮುಚ್ಚಳ ತೆಗೆಯುವುದು, ಹಾಕುವುದು, ರಸ್ತೆ ನೋಡುವುದು. ಕೊನೆಗೆ ಅಂಗಡಿಯನ್ನು ಅತ್ತೆಗೆ ಬಿಟ್ಟು ಓಡಿದೆ. ಅವನ ಕೋಣೆಯ ಬಾಗಿಲು ತೆರೆದೇ ಇತ್ತು. ಗೋಡೆಗೊರಗಿ ಕೂತಿದ್ದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಪಕ್ಕೆಯನ್ನು ಕೈಯಲ್ಲಿ ಒತ್ತಿಹಿಡಿದಿದ್ದ. ಬದುಕಿದ್ದಾನೆ ಎಂದು ಮೊದಲು ಸಮಾಧಾನವಾಯಿತು, ಆಮೇಲೆ ಸಂಕಟವಾಯಿತು.

"ಯಾರು ಹೊಡೆದಿದ್ದು?"

"ಯಾರು ಅಂತ ಹೇಳ್ಲಿ ಅಕ್ಕ. ಒಂದೊಂದು ದಿನ ಒಬ್ಬೊಬ್ರು."

"ಯಾಕೆ?"

ಅವನು ಉಳಿದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದ. "ಗಾಜಿನೋಳ ತಮ್ಮ ಅಂತ. ನೀನು ಪೊಲೀಸ್ ಕಡೆಯೋಳು, ಮೇಷ್ಟ್ರನ್ನ ಹಿಡಿದುಕೊಟ್ಟೋಳು ನೀನೇ ಅಂತಾರೆ. ಯಾರೂ ನನಗೆ ಕೊಡಲ್ಲ. ಕೊಟ್ರೂ ಮುಖಕ್ಕೆ ಎರಡು ಕೊಟ್ಟು ಕೊಡ್ತಾರೆ. ಕೊಡೋದು ಏನು ಅಂತಾನೂ ಗೊತ್ತಾಗಲ್ಲ. ಒಂದಿನ ಬರೀ ಸುಣ್ಣ, ಇನ್ನೊಂದಿನ ಅದೇ ಅಳತೆಗೆ ಕಣ್ಣು ಕತ್ತಲೆ ಬಂದು ಬಿದ್ದುಹೋದೆ. ನರ್ಸಮ್ಮ ಬಂದು ಎಬ್ಬಿಸಿದ್ರು."

"ಗಾಜು ಹಾಕಿದ ದಿನವೇ ಹೇಳ್ಬಾರ್ದಿತ್ತಾ? ಅದೇ ನನ್ನ ಕಿಂಡಿ ಅಕ್ಕ ಅಂತ?"

"ನೀನು ಅಷ್ಟು ಖುಷಿಯಾಗಿದ್ದೆ," ಅಂದ. ಪಕ್ಕೆ ಒತ್ತಿಕೊಂಡು ಸರಿದು ಕೂತು, "ಕಿಂಡಿ ಇಲ್ದಿದ್ರೆ ನಾನೂ ಬಿಟ್ಟುಬಿಡ್ತೀನೇನೋ ಅಂದ್ಕೊಂಡೆ. ಆಗ್ಲಿಲ್ಲ" ಅಂದ.

ನಾನು ಅಳಲಿಲ್ಲ. ಕೆಳಗಿಳಿದು ಅಂಗಡಿಗೆ ಹೋಗಿ ಉಳಿ, ಸುತ್ತಿಗೆ, ಕೈಗವಸು ತಂದೆ. ಹಾಡುಹಗಲು, ಗಲ್ಲಿ ತುಂಬ ಜನ. ಬೇಕೆಂದೇ ಜೋರಾಗಿ ಸದ್ದು ಮಾಡುತ್ತ ಪಟ್ಟಿಗಳನ್ನು ಕಿತ್ತೆ. ನಾನೇ ತುಂಬಿದ ಪುಟ್ಟಿ ಕಲ್ಲಾಗಿತ್ತು. ನನ್ನ ಕೈಕೆಲಸಕ್ಕೆ ನಾನೇ ಶಾಪ ಹಾಕಿದ್ದು ಅದೇ ಮೊದಲು. ಮೆಟ್ಟಿಲ ಮೇಲೆ ಜನ ಸೇರಿದರು. ಸದ್ದಿಗೆ ಹೆಡ್ ಕಾನ್‌ಸ್ಟೇಬಲ್ಲೂ ಬಂದರು.

"ಏನಮ್ಮಾ ಇದು! ಗಟ್ಟಿಯಾಗಿ ನಿಂತಿರೋ ಗಾಜು ಯಾಕೆ ತೆಗೀತಿದ್ದೀಯ? ನೀನು ಯಾರ ಕಡೆ?"

"ನನ್ನ ತಮ್ಮನ ಕಡೆ," ಅಂದೆ. "ಮೇಷ್ಟ್ರನ್ನ ನಾನು ಹಿಡಿದುಕೊಟ್ಟಿಲ್ಲ ಅಂತ ಇಲ್ಲೇ ಎಲ್ರಿಗೂ ಕೇಳೋ ಹಾಗೆ ಹೇಳಿ. ಆವತ್ತು ರಸ್ತೇಲಿ ನಿಂತು ಹೊಗಳಿದ್ರಲ್ಲ, ಅಷ್ಟೇ ಜೋರಾಗಿ ಹೇಳಿ."

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಕೆಟ್ಟ ಮನುಷ್ಯರಲ್ಲ. "ನಾನು ಹೇಳಿದ್ರೆ ಇನ್ನೂ ಜಾಸ್ತಿ ಅನುಮಾನ ಬರುತ್ತಮ್ಮ," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ಒಂದ್ ಕಡೆ ಹಿಡಿದ್ರೆ ಇನ್ನೊಂದ್ ಕಡೆ ಎದ್ದೇಳ್ತಾರೆ. ನಮಗೂ ಗೊತ್ತು. ಹಿಡೀಬೇಡ ಅಂತ ನಮಗೆ ಯಾರೂ ಹೇಳಿಲ್ವಲ್ಲ."

ಗಾಜು ಇಡೀ ಹಾಳೆಯಾಗಿ ಕೈಗೆ ಬಂತು, ಬಿರುಕುಗಳ ಸಮೇತ. ಕಿಟಕಿ ಬರಿದಾಯಿತು, ಸಂದಿಯ ಗಾಳಿ ಒಳಗೆ ನುಗ್ಗಿತು. ಜನ ನೋಡಿದರು, ಚದುರಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಏನಾಗುತ್ತದೋ ನೋಡೋಣವೆಂದು ಕಾದೆ. ಏನೂ ಆಗಲಿಲ್ಲ. ನರ್ಸಮ್ಮ ಬಾಗಿಲಿಂದ ತಲೆ ಹಾಕಿ, "ಇನ್ನು ಅಲ್ಲಿಗೆ ಯಾರು ಬರ್ತಾರಮ್ಮ? ಕೊಡೋ ಕೈ ಜೈಲಲ್ಲಿದೆ" ಎಂದರು.

ಮರುದಿನ ತಮ್ಮನಿಗೆ ಚಳಿ, ವಾಂತಿ, ಮೈಕೈ ಸೀಳುವ ನೋವು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಟ ಬಿಡಿಸುವ ವಾರ್ಡಿನಲ್ಲಿ ಹಾಸಿಗೆ ಇಲ್ಲ, ಹೆಸರು ಬರೆಸಿ ಹೋಗಿ, ಕರೆಯುತ್ತೇವೆ ಎಂದರು. ಯಾವಾಗ ಎಂದು ಕೇಳಿದೆ. ತಿಂಗಳಾಗಬಹುದು ಎಂದರು. ಅಲ್ಲಿಯವರೆಗೆ ಇವನು ಏನು ಮಾಡಬೇಕು, ನೀವೇ ಅಳೆದು ತೂಗಿ ಏನಾದರೂ ಕೊಡಬಹುದಲ್ಲ ಎಂದು ಕೇಳಿದೆ. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. "ಕೊಡೋಕೆ ನನಗೆ ಅನುಮತಿ ಇಲ್ಲಮ್ಮ" ಎಂದು ಮುಖ ಸಣ್ಣದು ಮಾಡಿಕೊಂಡರು.

ಹಿಂದಿರುಗುವ ದಾರಿಯಲ್ಲಿ ತಮ್ಮ ಕಮಾನಿನ ಹತ್ತಿರ ನಿಂತ. "ನೀನು ಅಂಗಡಿಗೆ ಹೋಗು ಅಕ್ಕ. ನಾನು ಆಮೇಲೆ ಬರ್ತೀನಿ." ಅವನ ಹಲ್ಲು ಕಟಕಟ ಎನ್ನುತ್ತಿತ್ತು.

ತಡೆದರೆ ನನ್ನನ್ನು ತಳ್ಳಿ ಹೋಗುತ್ತಾನೆ. ಬಿಟ್ಟರೆ ಯಾವುದೋ ಸಂದಿಯಲ್ಲಿ ಹೊಡೆಸಿಕೊಂಡು, ಯಾವುದೋ ಮೂಲೆಯಲ್ಲಿ ಒಬ್ಬನೇ ಬೀಳುತ್ತಾನೆ. ಎರಡನ್ನೂ ಬಿಟ್ಟು ಮೂರನೆಯದೊಂದು ಇದ್ದೀತೇ ಎಂದು ನಡುರಸ್ತೆಯಲ್ಲಿ ನಿಂತು ಯೋಚಿಸಿದೆ. ಹೊಳೆದದ್ದು ಒಂದೇ.

"ನಡಿ, ನಾನೂ ಬರ್ತೀನಿ."

"ಹುಚ್ಚಾ ನಿನಗೆ?"

"ಹೌದು. ನಡಿ."

ಕಮಾನಿನಾಚೆ, ಗೋದಾಮಿನ ಹಿಂದೆ, ಮೂರ್ನಾಲ್ಕು ಜನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ನಡುವಿನ ಟೋಪಿಯವನ ಒಂದು ಕೈ ಅಂಗಿಯೊಳಗಿತ್ತು. ಸೆರಗನ್ನು ಬಿಗಿಯಾಗಿ ಹೊದ್ದು ತಮ್ಮನ ಪಕ್ಕದಲ್ಲೇ ನಿಂತೆ.

"ನೀನು ಗಾಜಿನೋಳಲ್ವಾ?" ಅಂದ ಟೋಪಿಯವನು.

"ಹೌದು. ಹಾಕಿದ್ದೂ ನಾನೇ, ತೆಗೆದಿದ್ದೂ ನಾನೇ. ಇವನು ನನ್ನ ತಮ್ಮ. ಹೊಡೆಯೋದಿದ್ರೆ ನನಗೆ ಹೊಡೀರಿ, ಇವನಿಗೆ ಇನ್ನು ಹೊಡೆಸ್ಕೊಳ್ಳೋ ಜಾಗ ಮೈಮೇಲೆ ಉಳಿದಿಲ್ಲ."

ಒಬ್ಬ ಕಿಸಕ್ಕನೆ ನಕ್ಕ. ಟೋಪಿಯವನು ನಗಲಿಲ್ಲ, ಹೊಡೆಯಲೂ ಇಲ್ಲ. ಗೋಡೆಯ ಇಟ್ಟಿಗೆ ಸರಿಸಿ ಒಂದು ಪೊಟ್ಟಣ ತೆಗೆದ. ತಮ್ಮ ಕೈ ಚಾಚಿದ. ಅವನಿಗಿಂತ ಮೊದಲು ನಾನು ತೆಗೆದುಕೊಂಡೆ. ಬಿಳಿ ಕಾಗದ, ಮೇಲೆ ಏನೂ ಬರೆದಿಲ್ಲ. ಯಾವ ಅಂಗಡಿಯಲ್ಲಾದರೂ ಕೇಳುವ ಹಾಗೆ ಕೇಳಿದೆ:

"ಇದು ಎಷ್ಟು ಗಟ್ಟಿ? ಇದಕ್ಕೇನು ಬೆರೆಸಿದ್ದೀರಿ?"

"ನನಗೇನು ಗೊತ್ತು? ಮೇಲಿಂದ ಬರುತ್ತೆ, ಕೊಡ್ತೀನಿ."

"ಮೇಲಿನೋರಿಗೆ ಗೊತ್ತಾ?"

"ಅವರಿಗೂ ಮೇಲಿಂದ ಬರುತ್ತೆ." ಈಗ ಎಲ್ಲರೂ ನಕ್ಕರು. ಅವನೂ ನಕ್ಕ, ಸ್ವಲ್ಪ ನಾಚಿಕೆಯಿಂದಲೇ. "ಯಾರಿಗೂ ಗೊತ್ತಿಲ್ಲ ಕಣಕ್ಕ. ತಗೊಂಡು ಹೋಗು."

ದುಡ್ಡು ಕೊಟ್ಟು, ಕೋಣೆಗೆ ಬಂದು ಬಾಗಿಲು ಹಾಕಿದೆ. ನರ್ಸಮ್ಮ ಮೇಲೆ ಬಂದರು. ತೆಗೆದುಕೊಳ್ಳಲೇಬೇಕಿದ್ದರೆ ಅರ್ಧಕ್ಕಿಂತ ಕಡಿಮೆ, ಒಬ್ಬನೇ ಇರಕೂಡದು ಎಂದರು. ಆಮೇಲೆ ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸು, ಎದೆಯ ಮೇಲೆ ಕಣ್ಣಿಡು, ತುಟಿ ನೀಲಿಯಾದರೆ ಕಟ್ಟಡ ಕಿತ್ತುಹೋಗುವ ಹಾಗೆ ಕೂಗು ಎಂದು ಹೇಳಿಕೊಟ್ಟು ಕೆಳಗೆ ಹೋದರು. ಪೊಟ್ಟಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾನು ಕಿತ್ತುಕೊಂಡೆ. ಉಳಿದದ್ದನ್ನು ಅವನು ತೆಗೆದುಕೊಳ್ಳುವುದನ್ನು ನೋಡುತ್ತ ಕೂತೆ. ಅಕ್ಕನಾದವಳು ನೋಡಬಾರದ್ದನ್ನು ನೋಡುತ್ತಿದ್ದೇನೆ ಎನಿಸಿತು. ನೋಡದೆ ಇರುವ ಧೈರ್ಯವೂ ಇರಲಿಲ್ಲ.

ನಡುಕ ನಿಂತಿತು. ಮುಖದ ಗಂಟು ಸಡಿಲವಾಯಿತು. ಅವನು ಏಣಿಯಿಂದ ಬೀಳುವ ಮೊದಲಿನ ತಮ್ಮನಂತೆಯೇ ಕಂಡ. ಆಮೇಲೆ ಉಸಿರು ನಿಧಾನವಾಯಿತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬಿಡುವು ಉದ್ದವಾಗುತ್ತ ಹೋಯಿತು.

ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಅತ್ತೆ. ಮಂಡಿನೋವಿನಿಂದ ನಮ್ಮ ಅಂಗಡಿಯ ಹೊಸ್ತಿಲು ದಾಟುವುದಕ್ಕೇ ಗೊಣಗುವವರು ಇಷ್ಟು ಮಹಡಿ ಹತ್ತಿ ಬಂದಿದ್ದರು. ಅಂಗಡಿ ಏನಾಯಿತು ಎಂದು ಕೇಳಿದೆ. "ಬಾಗಿಲು ಹಾಕ್ಕೊಂಡು ಬಂದೆ, ಗಾಜು ಎಲ್ಲಿಗೂ ಓಡಿಹೋಗಲ್ಲ" ಎಂದು ಅವನ ಇನ್ನೊಂದು ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವನ ಮುಖ ನೋಡಿಯೇ ಎಲ್ಲ ಅರ್ಥಮಾಡಿಕೊಂಡರು.

"ಯಾರ ಹತ್ರ ತಗೊಂಡ?"

"ಯಾರೋ ಟೋಪಿಯೋನು. ನಾನೂ ಹೋಗಿದ್ದೆ."

ಅವರು ನನ್ನನ್ನು ನೋಡಿದರು. ಬೈಗುಳಕ್ಕೆ ಕಾದೆ. ತಮ್ಮನ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿದರು.

"ನಾಳೆ?"

"ನಾಳೆ ಯಾರಿರ್ತಾರೋ ಗೊತ್ತಿಲ್ಲ. ಏನು ಕೊಡ್ತಾರೋ ಅದೂ ಗೊತ್ತಿಲ್ಲ. ಆಸ್ಪತ್ರೆಯೋರು ಕರೆಯೋವರೆಗೂ ಹೋಗ್ಬೇಕು."

"ಹಾಗಾದ್ರೆ ನಾಳೆ ನಾನೂ ಬರ್ತೀನಿ ಕಣೆ," ಅಂದರು ಅತ್ತೆ. "ಮುದುಕಿ ಮುಂದೆ ಕೈ ಎತ್ತೋಕೆ ಅವರಿಗೂ ಸ್ವಲ್ಪ ಸಂಕೋಚ ಆಗ್ಬಹುದು."

ತಮ್ಮನ ಎದೆ ಇಳಿಯಿತು. ನಾವಿಬ್ಬರೂ ಮಾತು ನಿಲ್ಲಿಸಿ, ಬಾಗಿ, ಅದು ಮತ್ತೆ ಏಳುವುದನ್ನು ಕಾದೆವು.